ಟ್ರಾಮಿಗೂ ಬಸ್ಸಿಗೂ ಒಂದೇ ಸ್ಟಾಪ್ ಇರಬೇಕಾ, ಬೇರೆ ಬೇರೆ ಇರಬೇಕಾ?

ಹಾಸನದವಳು

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ವಾರದಿಂದ ತಲೆಯಲ್ಲಿ ಕೊರೆಯುತ್ತಿದೆ. ಇಲ್ಲಿ ಬೇರೆ ಬೇರೆ ಊರಿನ ಕನ್ನಡಿಗರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಾನು ಆರು ವರ್ಷದಿಂದ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದೇನೆ. ಇಲ್ಲಿನ ಟ್ರಾಮ್, ಅಂದರೆ ರಸ್ತೆಯಲ್ಲೇ ಹೂತ ಹಳಿಯ ಮೇಲೆ ಓಡುವ ಗಾಡಿ, ತುಂಬ ಹಳೆಯದು. 1879ರಲ್ಲಿ ಕುದುರೆ ಎಳೆಯುತ್ತಿತ್ತು, 1902ರಲ್ಲಿ ಕರೆಂಟಿಗೆ ಬದಲಾಯಿತು. ಇವತ್ತಿಗೂ ಊರು ನಡೆಯುವುದು ಅದರ ಮೇಲೇ. ಜೊತೆಗೆ ಬಸ್ಸಿದೆ, ನದಿ ದಾಟಲು ದೋಣಿಯಿದೆ. ಮೂರಕ್ಕೂ ಒಂದೇ ಟಿಕೆಟ್. ಊರೊಳಗಿನ ಟಿಕೆಟ್ ಒಂದು ತೆಗೆದರೆ 90 ನಿಮಿಷ ಯಾವುದರಿಂದ ಇಳಿದು ಯಾವುದಕ್ಕೆ ಬೇಕಾದರೂ ಹತ್ತಬಹುದು. ತುಂಬ ಕಡೆ ಟ್ರಾಮೂ ಬಸ್ಸೂ ಒಂದೇ ಕಟ್ಟೆಗೆ ಬಂದು ನಿಲ್ಲುತ್ತವೆ. ಬಸ್ಸು ಹಳಿಯ ಮೇಲೆಯೇ ಓಡಿ ಬರುತ್ತದೆ. ನನಗೆ ಮೊದಲಿನಿಂದಲೂ ಇದು ಬಹಳ ಇಷ್ಟ. ಒಂದೇ ಜಾಗದಲ್ಲಿ ನಿಂತಿರಬಹುದು, ಯಾವುದು ಮೊದಲು ಬಂದರೆ ಅದನ್ನು ಹತ್ತಬಹುದು.

ಎರಡು ತಿಂಗಳ ಹಿಂದೆ ಅಮ್ಮ ಊರಿಂದ ಬಂದರು. ಅವರಿಗೆ 68. ಮೊಣಕಾಲು ನೋವಿದೆ, ಆದರೆ ಮನೆಯಲ್ಲಿ ಸುಮ್ನೆ ಕೂರುವ ಜಾಯಮಾನವಲ್ಲ. ಹಾದಿ ಕಲಿತು ಒಬ್ಬರೇ ಓಡಾಡತೊಡಗಿದರು. ಕಳೆದ ವಾರ ಒಂದು ಸ್ಟಾಪಿನಲ್ಲಿ ಕಟ್ಟೆಯ ಮುಂದಿನ ತುದಿಯಲ್ಲಿ ನಿಂತಿದ್ದರು. ಮೊದಲು ಒಂದು ಬಸ್ ಬಂದು ಅವರ ಮುಂದೆ ನಿಂತಿತು. ಅದರ ಬೆನ್ನಿಗೇ ಅವರು ಹತ್ತಬೇಕಾದ ಟ್ರಾಮ್ ಬಂತು. ಬಸ್ ಹೊರಟ ಮೇಲೆ ಟ್ರಾಮ್ ಮುಂದಕ್ಕೆ ಬಂದು ತಮ್ಮ ಎದುರು ನಿಲ್ಲುತ್ತದೆ ಅಂತ ಅವರು ಕಾದರು. ಅದು ನಿಲ್ಲಲಿಲ್ಲ. ಹಿಂದೆಯೇ ಬಾಗಿಲು ತೆಗೆದಿತ್ತು, ಅಲ್ಲೇ ಮುಚ್ಚಿ ಸೀದಾ ಹೊರಟುಹೋಯಿತು. ಮಳೆ ಬೇರೆ. ಮನೆಗೆ ಬಂದವರು, "ಕೈ ಅಡ್ಡ ಹಿಡಿದೆ ಕಣೇ, ಆದರೂ ನಿಲ್ಲಿಸಲಿಲ್ಲ" ಅಂದರು. ಆ ಮಾತು ನನಗೆ ಚುಚ್ಚಿತು. ಅವತ್ತಿನಿಂದ ಅವರು ಒಬ್ಬರೇ ಹೋಗಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಎರಡನ್ನೂ ಒಂದೇ ಕಡೆ ನಿಲ್ಲಿಸುವುದು ನಿಜವಾಗಿ ಒಳ್ಳೆಯದಾ? ನಿಮ್ಮ ಊರುಗಳಲ್ಲಿ ಹೇಗಿದೆ?

ಬಸ್ ಓಡಿಸುವವ

ಮೇಡಂ, ನಾನು ಇದೇ ಊರಲ್ಲಿ ಬಸ್ ಓಡಿಸುತ್ತೇನೆ. ಅಮ್ಮನಿಗೆ ಆಗಿದ್ದು ಕೇಳಿ ಬೇಜಾರಾಯಿತು. ಡ್ರೈವರ್ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಉದ್ದದ ಕಟ್ಟೆ ಇದ್ದರೆ ಎರಡು ಗಾಡಿ ಒಂದರ ಹಿಂದೆ ಒಂದು ನಿಂತು ಒಟ್ಟಿಗೇ ಜನರನ್ನು ಹತ್ತಿಸಿಕೊಳ್ಳಬಹುದು. ಜರ್ಮನಿ, ಆಸ್ಟ್ರಿಯಾದಲ್ಲಿ ಇಂಥದಕ್ಕೆ ಡೊಪ್ಪೆಲ್‌ಹಾಲ್ಟೆಶ್ಟೆಲ್ಲೆ ಅಂತಲೇ ಹೆಸರು, ಜೋಡಿ ಸ್ಟಾಪ್ ಅಂತ ಅರ್ಥ. ಹಿಂದೆ ನಿಂತವನು ಬಾಗಿಲು ತೆಗೆದು ಮುಚ್ಚಿದ ಮೇಲೆ ಮುಂದೆ ಮತ್ತೆ ನಿಂತರೆ ಅವನ ಹಿಂದಿರುವವನು ಕಾಯಬೇಕು, ಅವನ ಹಿಂದಿನವನೂ ಕಾಯಬೇಕು. ಅದಕ್ಕೇ ಎರಡನೇ ಸಲ ನಿಲ್ಲುವುದು ಕಡಿಮೆ. ದಿನಾ ಓಡಾಡುವವರಿಗೆ ಇದು ಗೊತ್ತಿರುತ್ತದೆ, ಹಿಂದಕ್ಕೆ ನಡೆದು ಹೋಗಿ ಹತ್ತುತ್ತಾರೆ. ಹೊಸಬರಿಗೆ ಯಾರೂ ಹೇಳುವುದಿಲ್ಲ. ತಪ್ಪು ಅಲ್ಲಿದೆ.

ಇನ್ನೊಂದು ಕಷ್ಟ ಯಾರಿಗೂ ಕಾಣುವುದಿಲ್ಲ. ಇಲ್ಲಿನ ಹೊಸ ಟ್ರಾಮುಗಳ ಅಗಲ 2.65 ಮೀಟರ್. ಯುರೋಪಿನಲ್ಲಿ ಬಸ್ಸಿನ ಅಗಲ 2.55 ಮೀಟರ್ ದಾಟುವಂತಿಲ್ಲ. ಕಟ್ಟೆಯ ಅಂಚನ್ನು ಕಟ್ಟುವುದು ಟ್ರಾಮಿನ ಅಳತೆಗೆ. ನಾನು ಹಳಿಯ ನಡುವೆ ನೇರವಾಗಿ ಹೋದರೆ ಟ್ರಾಮಿಗಿಂತ 5 ಸೆಂಟಿಮೀಟರ್ ದೂರ ನಿಲ್ಲುತ್ತೇನೆ. ಅಷ್ಟೇ ತಾನೆ ಅನ್ನಿಸಬಹುದು. ಊರುಗೋಲು ಹಿಡಿದ ಅಜ್ಜಿಗೆ, ಮಗುವಿನ ಗಾಡಿ ತಳ್ಳುವ ತಾಯಿಗೆ ಆ 5 ಸೆಂಟಿಮೀಟರ್ ದೊಡ್ಡದು. ಹತ್ತಿರ ಹೋಗಬೇಕು ಅಂದರೆ ನಾನು ಓರೆಯಾಗಿ ನುಗ್ಗಿ ಆಮೇಲೆ ನೇರ ಮಾಡಬೇಕು. ಆಗ ನನ್ನ ಬಸ್ಸಿನ ಮೂತಿ, ಕನ್ನಡಿ ಎರಡೂ ಕಟ್ಟೆಯ ಮೇಲೆ ಹಾದು ಹೋಗುತ್ತವೆ. ಅಂಚಿನಲ್ಲಿ ಯಾರಾದರೂ ಫೋನ್ ನೋಡುತ್ತ ನಿಂತಿದ್ದರೆ ಎದೆ ಧಸಕ್ ಅನ್ನುತ್ತದೆ. ಟ್ರಾಮ್ ಡ್ರೈವರಿಗೆ ಈ ತಲೆನೋವಿಲ್ಲ. ಅವರ ಗಾಡಿ ಪ್ರತಿ ಸಲವೂ ಅದೇ ಗೆರೆಯಲ್ಲಿ ಬರುತ್ತದೆ.

ಮಳೆಗಾಲದಲ್ಲಿ ಹಳಿಯ ಕಬ್ಬಿಣ ಟೈರಿಗೆ ಜಾರುತ್ತದೆ. ಈ ಊರಲ್ಲಿ ಮಳೆ ಎಷ್ಟು ಅಂತ ನಿಮಗೆ ಗೊತ್ತೇ ಇದೆ. ಹಾಗಾಗಿ ನಾವು ನಿಧಾನಕ್ಕೆ ಬರುತ್ತೇವೆ. ಹಿಂದೆ ಟ್ರಾಮ್ ಕಾಯುತ್ತದೆ.

ಆದರೂ ನನ್ನನ್ನು ಕೇಳಿದರೆ ಹಂಚಿಕೊಳ್ಳುವುದೇ ಒಳ್ಳೆಯದು ಅನ್ನುತ್ತೇನೆ, ಎಲ್ಲ ಕಡೆ ಅಲ್ಲ ಅಷ್ಟೇ. ಬಸ್ಸಿಗೂ ಟ್ರಾಮಿಗೂ ಅಂತ ಬೇರೆ ಇಟ್ಟ ದಾರಿ, ಬಿಳಿ ದೀಪದ ನಮ್ಮದೇ ಸಿಗ್ನಲ್ ಇದೆಲ್ಲ ನನಗೆ ಸಿಕ್ಕಿರುವುದು ಟ್ರಾಮಿನಿಂದಲೇ. ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದರೆ ನನ್ನ ಬಸ್ಸಿನ ಟೈಮಿಗೆ ಅರ್ಥವೇ ಇರುತ್ತಿರಲಿಲ್ಲ.

ಯಾರ್ರಾ ದಂಡೆ

ಮೆಲ್ಬರ್ನ್‌ನಿಂದ ಬರೆಯುತ್ತಿದ್ದೇನೆ. ನಮ್ಮದು ಜಗತ್ತಿನಲ್ಲೇ ದೊಡ್ಡ ಟ್ರಾಮ್ ಜಾಲ, ಸುಮಾರು 250 ಕಿಲೋಮೀಟರ್ ಜೋಡಿ ಹಳಿ. ಅದರ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ. ಆದರೆ ಬಸ್ಸಿಗೂ ಟ್ರಾಮಿಗೂ ಇಲ್ಲಿ ಮಾತುಕತೆ ಕಡಿಮೆ.

ಟ್ರಾಮ್ ರಸ್ತೆಯ ನಡುವೆ ಓಡುತ್ತದೆ. ಬಸ್ ಫುಟ್‌ಪಾತ್ ಪಕ್ಕ ನಿಲ್ಲುತ್ತದೆ. ಒಂದೇ ಸರ್ಕಲ್‌ನಲ್ಲಿ ಎರಡೂ ಇರುತ್ತವೆ, ಆದರೆ ಸ್ಟಾಪ್ ಬೇರೆ ಬೇರೆ. ಬಸ್ಸಿನಿಂದ ಇಳಿದು ಸಿಗ್ನಲ್‌ನಲ್ಲಿ ನಿಂತಿರುತ್ತೇನೆ. ರಸ್ತೆಯ ನಡುವೆ ನನ್ನ ಟ್ರಾಮ್ ಬಾಗಿಲು ತೆರೆದು ನಿಂತಿರುವುದು ಕಾಣುತ್ತದೆ. ನನಗೆ ಹಸಿರು ದೀಪ ಬರುವ ಹೊತ್ತಿಗೆ ಅದು ಹೊರಟಿರುತ್ತದೆ. ವಾರಕ್ಕೆ ಎರಡು ಸಲವಾದರೂ ಇದೇ ಕತೆ. 20 ಮೀಟರ್ ದೂರ, 8 ನಿಮಿಷ ನಷ್ಟ. ಕಾರ್ಡು ಎರಡಕ್ಕೂ ಒಂದೇ ಆದರೆ ಏನು ಬಂತು, ಕಾಲಿಗೆ ದಾರಿ ಒಂದೇ ಆಗಲಿಲ್ಲವಲ್ಲ.

ಕಟ್ಟೆಯೇ ಇಲ್ಲದ ಟ್ರಾಮ್ ಸ್ಟಾಪುಗಳೂ ಇಲ್ಲಿ ತುಂಬ ಇವೆ. ಫುಟ್‌ಪಾತಿನಲ್ಲಿ ಕಾದು, ಟ್ರಾಮ್ ಬಂದಾಗ ಕಾರು ಓಡುವ ಲೇನ್ ದಾಟಿ ಹೋಗಿ ಹತ್ತಬೇಕು. ಬಾಗಿಲು ತೆರೆದಿದ್ದರೆ ಕಾರುಗಳು ಹಿಂದೆ ನಿಲ್ಲಲೇಬೇಕು ಅಂತ ಕಾನೂನಿದೆ, ಹೆಚ್ಚಿನವರು ನಿಲ್ಲುತ್ತಾರೆ. ಆದರೆ ಗಾಲಿಕುರ್ಚಿಯವರು ಮೆಟ್ಟಿಲು ಹತ್ತುವುದು ಹೇಗೆ? ಎಲ್ಲ ಟ್ರಾಮ್ ಸ್ಟಾಪುಗಳನ್ನೂ 2022ರ ಕೊನೆಯೊಳಗೆ ಸರಿಮಾಡಬೇಕು ಅಂತ ಗಡುವಿತ್ತು. ಆಗಲಿಲ್ಲ. ರಾಜ್ಯದ ಮಹಾಲೇಖಪಾಲರು 2020ರಲ್ಲಿ ಕೊಟ್ಟ ವರದಿ ಓದಿದ್ದೇನೆ. 2018–19ರಲ್ಲಿ ತಗ್ಗು ನೆಲದ ಟ್ರಾಮ್ ಸಮಮಟ್ಟದ ಕಟ್ಟೆಗೆ ಬಂದು ನಿಂತಿದ್ದು ಶೇಕಡ 15ರಷ್ಟು ಸೇವೆಗಳಲ್ಲಿ ಮಾತ್ರ.

ಹಾಗಾಗಿ ನನ್ನ ಮತ ಸ್ಪಷ್ಟ. ಹೇಗೂ ಕಟ್ಟೆ ಕಟ್ಟಲೇಬೇಕು, ಖರ್ಚು ಮಾಡಲೇಬೇಕು. ಅದನ್ನು ಬಸ್ಸಿಗೂ ಆಗುವ ಹಾಗೆ ಕಟ್ಟಿ. ಎಲ್ಲ ಕಡೆ.

ಮಾಳಮಡ್ಡಿ

ನಮ್ಮ ಹುಬ್ಬಳ್ಳಿ-ಧಾರವಾಡದಾಗ ಟ್ರಾಮ್ ಇಲ್ಲ, ಆದರ ಈ ಪ್ರಶ್ನೆ ನಮಗ ಚೆನ್ನಾಗಿ ಗೊತ್ತದ ರೀ. ಎಲ್ಲರಿಗೂ ತಿಳಿಯಲಿ ಅಂತ ಪುಸ್ತಕದ ಭಾಷೆಯಲ್ಲೇ ಬರೆಯುತ್ತೇನೆ.

ಚಿಗರಿ ಬಸ್ ಗೊತ್ತಲ್ಲ? 2018ರ ಅಕ್ಟೋಬರ್‌ನಲ್ಲಿ ಓಡಲು ಶುರುವಾಯಿತು. ಎರಡು ಊರಿನ ನಡುವೆ ಸುಮಾರು 22 ಕಿಲೋಮೀಟರ್, ರಸ್ತೆಯ ನಡುವೆ ಅದಕ್ಕೇ ಅಂತ ದಾರಿ. ನಿಲ್ದಾಣವೂ ರಸ್ತೆಯ ನಡುವೆ. ಬಸ್ಸಿನ ನೆಲ 90 ಸೆಂಟಿಮೀಟರ್ ಎತ್ತರ, ಕಟ್ಟೆಯೂ ಅಷ್ಟೇ ಎತ್ತರ. ಬಾಗಿಲು ಬಲಗಡೆ. ಮೆಟ್ರೊ ಹತ್ತಿದ ಹಾಗೆ ಸೀದಾ ಕಾಲಿಟ್ಟು ಒಳಗೆ ಹೋಗಬಹುದು. ನನ್ನ ತಂದೆಯವರಿಗೆ ಪಾರ್ಶ್ವವಾಯು ಆಗಿತ್ತು. ಸಾದಾ ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಚಿಗರಿಯಲ್ಲಿ ಅವರು ಆಸ್ಪತ್ರೆಗೆ ತಾವೇ ಹೋಗಿಬರುವಂತಾಯಿತು. ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಆದರೆ ಸಾದಾ ಸಿಟಿ ಬಸ್ಸು, ಹಳ್ಳಿ ಬಸ್ಸು ಆ ಕಟ್ಟೆಗೆ ಬರಲಾರವು. ಅವುಗಳ ಬಾಗಿಲು ಎಡಗಡೆ, ಮೆಟ್ಟಿಲು ಕೆಳಗೆ. ಅವು ರಸ್ತೆಯ ಅಂಚಿನಲ್ಲೇ ನಿಲ್ಲಬೇಕು. ಹಳ್ಳಿಯಿಂದ ಬಂದವರು ಅಲ್ಲಿ ಇಳಿದು, ವಾಹನಗಳ ನಡುವೆ ದಾರಿ ಹುಡುಕಿ, ನಡುವಿನ ನಿಲ್ದಾಣಕ್ಕೆ ಹೋಗಬೇಕು. ಮೆಲ್ಬರ್ನಿನವರು ಹೇಳಿದ ಕತೆಯೇ ನಮ್ಮದೂ. ಬಾಗಿಲು ಯಾವ ಕಡೆ, ನೆಲ ಎಷ್ಟು ಎತ್ತರ. ಇವೆರಡನ್ನು ಮೊದಲ ದಿನ ಹೇಗೆ ತೀರ್ಮಾನ ಮಾಡುತ್ತೀರೋ, ಯಾರು ಯಾರ ಜೊತೆ ನಿಲ್ಲಬಹುದು ಅನ್ನುವುದೂ ಅವತ್ತೇ ತೀರ್ಮಾನ ಆಗಿಬಿಡುತ್ತದೆ. ಆಮೇಲೆ ಬದಲಾಯಿಸುವುದು ಬಹಳ ಕಷ್ಟ.

ಬಸ್ ಓಡಿಸುವವ

ಮಾಳಮಡ್ಡಿಯವರೇ, ಬಾಗಿಲಿನ ಮಾತು ಬಂತಲ್ಲ, ಅದಕ್ಕೆ ಇಲ್ಲಿನ ಒಂದು ವಿಷಯ ಹೇಳಬೇಕು. ಸ್ವೀಡನ್ ಮೊದಲು ನಮ್ಮ ಹಾಗೆ ಎಡಗಡೆ ಓಡುವ ದೇಶ. 1967ರ ಸೆಪ್ಟೆಂಬರ್ 3ರಂದು ಒಂದೇ ದಿನದಲ್ಲಿ ಬಲಗಡೆಗೆ ಬದಲಾಯಿತು. ಬಸ್ಸಿನ ಬಾಗಿಲುಗಳೆಲ್ಲ ತಪ್ಪು ಕಡೆಗೆ ಬಂದವು! ಇಲ್ಲಿನ ಹಳೆಯ ಬಸ್ಸುಗಳಲ್ಲಿ ಕೆಲವನ್ನು ಎಡಗಡೆ ಓಡುವ ಪಾಕಿಸ್ತಾನಕ್ಕೆ, ಕೀನ್ಯಾಕ್ಕೆ ಕಳಿಸಿದರು. ಸ್ಟಾಕ್‌ಹೋಮ್ ನಗರದ ಟ್ರಾಮ್ ಆಗಲೇ ನಿಂತುಹೋಯಿತು. ಗೋಥೆನ್‌ಬರ್ಗ್ ಮಾತ್ರ ತನ್ನ ಟ್ರಾಮ್ ಬಿಡಲಿಲ್ಲ, ನೋರ್‌ಶೆಪಿಂಗ್ ಅನ್ನುವ ಇನ್ನೊಂದು ಊರೂ ಬಿಡಲಿಲ್ಲ. ಬಸ್ಸಿಗೂ ಟ್ರಾಮಿಗೂ ಬಾಗಿಲು ಒಂದೇ ಕಡೆ ಇದ್ದುದರಿಂದಲೇ ಇವತ್ತು ನಾನು ಟ್ರಾಮಿನ ಕಟ್ಟೆಗೆ ಬಸ್ ತಂದು ನಿಲ್ಲಿಸಲು ಆಗುತ್ತಿದೆ.

ಜೂರಿಕ್ ಕನ್ನಡಿಗ

ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ರಸ್ತೆ ಕಾಮಗಾರಿಯ ನಕ್ಷೆ ಬಿಡಿಸುವುದು ನನ್ನ ಕೆಲಸ. ಹಾಗಾಗಿ ಕಟ್ಟೆಯ ಎತ್ತರ ಅಂದರೆ ನನಗೆ ದಿನನಿತ್ಯದ ಮಾತು.

ಈ ಊರು ಟ್ರಾಮನ್ನು ನೆಲದಡಿಗೆ ಇಳಿಸಲು 1962ರಲ್ಲಿ ಒಪ್ಪಲಿಲ್ಲ. 1973ರಲ್ಲಿ ಮೆಟ್ರೊ ಬೇಕಾ ಅಂತ ಕೇಳಿದರು. ಅದಕ್ಕೂ ಜನ ಓಟು ಹಾಕಿ ಬೇಡ ಅಂದರು. 1977ರಲ್ಲಿ ಮಾತ್ರ ಟ್ರಾಮ್, ಬಸ್ಸುಗಳನ್ನು ಬೇಗ ಓಡಿಸುವ ಕೆಲಸಕ್ಕೆ 20 ಕೋಟಿ ಫ್ರಾಂಕ್ ಕೊಡಲು ಒಪ್ಪಿದರು. ಎಲ್ಲವೂ ರಸ್ತೆಯ ಮೇಲೆಯೇ ಓಡಬೇಕು ಅಂತ ಆದ ಮೇಲೆ ಸ್ಟಾಪು, ಸಿಗ್ನಲ್ಲು, ಇಂಚು ಇಂಚು ಜಾಗ, ಎಲ್ಲವನ್ನೂ ಯೋಚಿಸಿ ಮಾಡಲೇಬೇಕಾಯಿತು. ಇಲ್ಲಿನ ಟ್ರಾಮ್ ಇಷ್ಟು ಚೆನ್ನಾಗಿರಲು ಅದೇ ಕಾರಣ ಅಂತ ನಾನು ನಂಬಿದ್ದೇನೆ.

ಈಗ ಎತ್ತರದ ವಿಷಯ. ಅಂಗವಿಕಲರ ಸಮಾನತೆಯ ಕಾನೂನು ಇಲ್ಲಿ 2004ರಲ್ಲಿ ಜಾರಿಗೆ ಬಂತು. ಸ್ಟಾಪುಗಳನ್ನು ಸರಿಮಾಡಲು 20 ವರ್ಷ ಕೊಟ್ಟಿದ್ದರು, 2023ರ ಕೊನೆಗೆ ಮುಗಿಯಿತು. ಕೆಲಸ ಇನ್ನೂ ಬಾಕಿ ಇದೆ. ಟ್ರಾಮ್ ಮಾತ್ರ ಬರುವ ಸ್ಟಾಪು ಸುಲಭ. ಬಸ್ ಮಾತ್ರ ಬರುವ ಸ್ಟಾಪೂ ಸುಲಭ, ಅಂಚು 22 ಸೆಂಟಿಮೀಟರ್ ಇದ್ದರೆ ಬಸ್ಸು ಸ್ವಲ್ಪ ವಾಲಿ ನಿಂತು ಸರಿಹೋಗುತ್ತದೆ. ಎರಡೂ ಬರುವ ಸ್ಟಾಪಿನ ನಕ್ಷೆ ಮೇಜಿಗೆ ಬಂದರೆ ಆ ವಾರ ಪೂರ್ತಿ ಅದೇ ಕೆಲಸ. ಟ್ರಾಮಿಗೆ ಇನ್ನೂ ಕೆಲವು ಸೆಂಟಿಮೀಟರ್ ಎತ್ತರ ಬೇಕು, ಅದು ವಾಲುವುದಿಲ್ಲ. ಅಷ್ಟು ಎತ್ತರ ಮಾಡಿದರೆ ಓರೆಯಾಗಿ ಬರುವ ಬಸ್ಸಿನ ಹೊಟ್ಟೆ ಕಲ್ಲಿಗೆ ಉಜ್ಜುತ್ತದೆ. ಹೊರಕ್ಕೆ ತೆರೆಯುವ ಬಾಗಿಲಿದ್ದರೆ ಅದೂ ತಾಗುತ್ತದೆ. ತಗ್ಗು ಮಾಡಿದರೆ ಟ್ರಾಮಿನವರಿಗೆ ಮೆಟ್ಟಿಲು ಉಳಿಯುತ್ತದೆ.

ದಾರಿಗಳಿವೆ. ಜರ್ಮನಿಯ ಕಾಸೆಲ್ ಊರಿನ ಹೆಸರಿನದೇ ಒಂದು ಅಂಚುಕಲ್ಲು ಇದೆ. ಅದರ ಮುಖ ಒಳಕ್ಕೆ ಬಾಗಿದೆ, ಟೈರು ಅದಕ್ಕೆ ಒರಗಿಕೊಂಡೇ ಬರಬಹುದು, ಸವೆಯುವುದಿಲ್ಲ. ಬಸ್ಸು ತಾನಾಗಿ ನೇರ ಆಗುತ್ತದೆ. ಸ್ಟಾಪಿಗೆ ಮುಂಚೆ ರಸ್ತೆ ನೇರವಾಗಿರಬೇಕು ಅಷ್ಟೆ. ಕೆಲವು ಕಡೆ ಕಟ್ಟೆಯ ಒಂದು ಭಾಗ ಎತ್ತರ, ಇನ್ನೊಂದು ಭಾಗ ತಗ್ಗು ಮಾಡುತ್ತಾರೆ. ಆದರೆ ಹಾಗೆ ಮಾಡಿದರೆ ಯಾವ ಗಾಡಿ ಎಲ್ಲಿ ನಿಲ್ಲಬೇಕು ಅನ್ನುವುದು ಖಚಿತವಾಗಿರಬೇಕು. ನಿಮ್ಮ ಅಮ್ಮನಿಗೆ ಆದ ತೊಂದರೆಗೂ ಅದೇ ಮದ್ದು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಚಿಕ್ಕ ವಿಷಯ, ನನಗೆ ಪ್ರೀತಿಯದು. ಇಲ್ಲಿ ಕರೆಂಟ್ ತಂತಿಯ ಬಸ್ಸೂ ಇದೆ, ಟ್ರಾಲಿಬಸ್. ಟ್ರಾಮಿಗೆ ಮೇಲೆ ಒಂದೇ ತಂತಿ ಸಾಕು, ಕರೆಂಟ್ ಹಳಿಯಲ್ಲಿ ವಾಪಸ್ ಹೋಗುತ್ತದೆ. ಟೈರಿನ ಬಸ್ಸಿಗೆ ಹಳಿ ಇಲ್ಲ, ಅದಕ್ಕೆ ಎರಡು ತಂತಿ ಬೇಕು. ಎರಡೂ ಸೇರುವ ಸರ್ಕಲ್‌ನಲ್ಲಿ ತಲೆಯೆತ್ತಿ ನೋಡಿದರೆ ಜೇಡನ ಬಲೆಯ ಹಾಗೆ ಕಾಣುತ್ತದೆ. ನನ್ನ ಮಗ ಚಿಕ್ಕವನಿದ್ದಾಗ ಅದನ್ನು ಎಣಿಸುತ್ತ ನಿಲ್ಲುತ್ತಿದ್ದ.

ಕಡಲತಡಿ

ನನ್ನದು ಸಣ್ಣ ಮಾತು. ನಮ್ಮ ಅಜ್ಜ ಉಡುಪಿಯಿಂದ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಕೆಲಸ ಮಾಡಿದವರು. ಆಗ ಅಲ್ಲಿ ಟ್ರಾಮ್ ಇತ್ತು. ಟ್ರಾಮ್ ಓಡಿಸುತ್ತಿದ್ದ ಕಂಪನಿಯೇ 1926ರಲ್ಲಿ ಬಸ್ಸನ್ನೂ ಶುರು ಮಾಡಿತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರ್‌ನಿಂದ ದಾದರ್‌ಗೆ ಕೊನೆಯ ಟ್ರಾಮ್ ಹೋಯಿತು. ಅಜ್ಜ ಸಾಯುವವರೆಗೂ "ದಾದರ್ ಟೀಟೀ" ಅನ್ನುತ್ತಿದ್ದರು. ಟ್ರಾಮ್ ಟರ್ಮಿನಸ್ ಅಂತ ಅದರ ಅರ್ಥ ಎಂದು ನನಗೆ ಗೊತ್ತಾಗಿದ್ದು ಈಚೆಗೆ. ಟ್ರಾಮ್ ಹೋಗಿ ಅರವತ್ತು ವರ್ಷವಾಯಿತು. ಆ ಜಾಗವನ್ನು ಜನ ಇನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ.

ಬಿಳಿಕೋಲು

ನಾನೂ ಗೋಥೆನ್‌ಬರ್ಗ್‌ನವನೇ. ನನ್ನ ಕಣ್ಣು ತುಂಬ ಮಂದ. ಬೆಳಕು, ನೆರಳು ಮಾತ್ರ ಗೊತ್ತಾಗುತ್ತದೆ. ಹಾಸನದವರ ಅಮ್ಮನ ಕತೆ ಓದಿಸಿಕೊಂಡಾಗ ಇದು ನನ್ನದೇ ಕತೆ ಅನ್ನಿಸಿತು.

ಸ್ಟಾಪಿನ ನೆಲದಲ್ಲಿ ಉಬ್ಬು ಕಲ್ಲು ಹಾಕಿರುತ್ತಾರೆ. ಕೋಲಿಗೆ, ಕಾಲಿಗೆ ಸಿಗುತ್ತದೆ. ಅಲ್ಲಿ ನಿಂತರೆ ಮೊದಲ ಬಾಗಿಲು ಎದುರಿಗೇ ಬರುತ್ತದೆ. ನಾನು ಅಲ್ಲೇ ನಿಲ್ಲುವುದು. ಒಂದೇ ಗಾಡಿ ಬಂದರೆ ಏನೂ ತೊಂದರೆ ಇಲ್ಲ. ಎರಡನೆಯದು ಹಿಂದೆ ನಿಂತು ಹೋದರೆ ಅದು ಬಂದಿದ್ದೇ ನನಗೆ ಗೊತ್ತಾಗುವುದಿಲ್ಲ. ಮೊದಲು ಸದ್ದಿನಿಂದ ತಿಳಿಯುತ್ತಿತ್ತು. ಟ್ರಾಮ್ ಅಂದರೆ ಹಳಿಯ ಕಿರ್ ಸದ್ದು, ಗಂಟೆ. ಬಸ್ ಅಂದರೆ ಇಂಜಿನ್ ಗುರ್ ಅನ್ನುವುದು. ಈಗ ಬಸ್ಸುಗಳು ಬ್ಯಾಟರಿಯವು. ಮುಂದೆ ನಿಂತ ಬಸ್ಸಿನ ಹಿಂದೆ ಇನ್ನೊಂದು ಬ್ಯಾಟರಿ ಬಸ್ ಬಂದರೆ ನನಗೆ ಅದು ಇಲ್ಲವೇ ಇಲ್ಲ. ಗಾಳಿ ಚೆನ್ನಾಗಿದೆ, ಅದಕ್ಕೆ ಖುಷಿಯಿದೆ. ಆದರೆ ಬಾಗಿಲು ತೆರೆದಾಗ ನಂಬರ್ ಹೊರಗೆ ಕೂಗಿ ಹೇಳುವ ಸ್ಪೀಕರ್ ಪ್ರತಿ ಗಾಡಿಯಲ್ಲೂ ಇರಬೇಕು, ಅದು ಕೇಳುವಷ್ಟು ಜೋರಾಗಿಯೂ ಇರಬೇಕು.

ನಾನು ಕೇಳುವುದು ಎರಡೇ. ಎರಡು ಗಾಡಿ ನಿಲ್ಲುವ ಕಟ್ಟೆಯಲ್ಲಿ ಉಬ್ಬು ಕಲ್ಲಿನ ಜಾಗವೂ ಎರಡು ಇರಲಿ, ಯಾವ ಲೈನ್ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಗೊತ್ತಿರಲಿ. ಇಲ್ಲವಾದರೆ ಮುಂದಿನ ಜಾಗದಲ್ಲಿ ಬಿಳಿಕೋಲು ಕಂಡರೆ ಎರಡನೇ ಸಲ ನಿಲ್ಲಿಸಲಿ. ಕೆಲವು ಡ್ರೈವರುಗಳು ನಿಲ್ಲಿಸುತ್ತಾರೆ, ಬಾಗಿಲು ತೆಗೆದು ನಂಬರ್ ಹೇಳುತ್ತಾರೆ. ಅವರ ದನಿ ನನಗೆ ನೆನಪಿದೆ.

ಸ್ಟಾಪ್ ಬೇರೆ ಬೇರೆ ಮಾಡಿ ಅಂತ ಮಾತ್ರ ನಾನು ಹೇಳುವುದಿಲ್ಲ. ಬೇರೆ ಮಾಡಿದರೆ ಟ್ರಾಮಿನಿಂದ ಬಸ್ಸಿಗೆ ಹೋಗಲು ನಾನು ರಸ್ತೆ ದಾಟಬೇಕು. ನನಗೆ ಅತಿ ಹೆಚ್ಚು ಭಯ ಇರುವುದು ಅಲ್ಲೇ.

ಬಸ್ ಓಡಿಸುವವ

ಬಿಳಿಕೋಲು ಸರ್, ನೀವು ಹೇಳಿದ್ದನ್ನು ನಾಳೆ ಡಿಪೋದಲ್ಲಿ ಹೇಳುತ್ತೇನೆ. ನಾನು ನಿಲ್ಲಿಸುತ್ತೇನೆ ಸರ್. ಮಾತು ಕೊಡುತ್ತೇನೆ.

ಹೂಗ್ಲಿ ತೀರ

ಕೋಲ್ಕತ್ತಾದಿಂದ. ನೀವೆಲ್ಲ ಸೆಂಟಿಮೀಟರ್ ಲೆಕ್ಕ ಹಾಕುತ್ತಿರುವುದು ನೋಡಿ ಮನಸ್ಸಿಗೆ ಏನೋ ಆಯಿತು.

ನಮ್ಮ ದೇಶದಲ್ಲಿ ಟ್ರಾಮ್ ಉಳಿದಿರುವುದು ಇದೊಂದೇ ಊರಲ್ಲಿ. 1873ರಲ್ಲಿ ಸಿಯಾಲ್ದಾದಿಂದ ಕುದುರೆ ಟ್ರಾಮ್ ಹೊರಟಿತು. 1902ರಲ್ಲಿ ಕರೆಂಟ್ ಬಂತು. ನಾನು ಬ್ಯಾಂಕಿನ ಕೆಲಸಕ್ಕೆ ಇಲ್ಲಿಗೆ ಬಂದ ಹೊಸತರಲ್ಲಿ ದಿನಾ ಟ್ರಾಮಿನಲ್ಲೇ ಹೋಗುತ್ತಿದ್ದೆ. ಕಟ್ಟೆ ಇಲ್ಲ, ಗೆರೆ ಇಲ್ಲ. ರಸ್ತೆಯ ನಡುವೆ ಹೋಗಿ ಕೈ ಎತ್ತಿದರೆ ಟ್ರಾಮ್ ನಿಧಾನ ಮಾಡುತ್ತಿತ್ತು. ಹತ್ತುವವರಿಗೂ ಫುಟ್‌ಪಾತಿಗೂ ನಡುವೆ ಬಸ್ಸುಗಳು ನುಗ್ಗುತ್ತಿದ್ದವು. ಒಂದು ಸಂಜೆ ಟ್ರಾಮಿನಿಂದ ಇಳಿದು ಕಾಲು ನೆಲಕ್ಕಿಡುವಾಗ ಎಡಗಡೆಯಿಂದ ಬಂದ ಬಸ್ ನನ್ನ ಬ್ಯಾಗನ್ನು ಎಳೆದುಕೊಂಡು ಹೋಯಿತು. ಬ್ಯಾಗಿನ ಪಟ್ಟಿ ಕಿತ್ತುಬಂತು, ನಾನು ಉಳಿದೆ. ಅದಾದ ಮೇಲೆ ತಿಂಗಳುಗಟ್ಟಲೆ ನಾನು ಟ್ರಾಮ್ ಹತ್ತಲಿಲ್ಲ.

ಇಲ್ಲಿನ ಟ್ರಾಮ್ ಸಂಸ್ಥೆಯೇ 1992ರಿಂದ ಬಸ್ಸನ್ನೂ ಓಡಿಸಿತು. ಒಂದೇ ಮನೆಯವರು ಎರಡನ್ನೂ ನೋಡಿಕೊಳ್ಳುತ್ತಿದ್ದರು. ಆದರೂ ಎರಡೂ ಸೇರಿ ನಿಲ್ಲುವ ಒಂದು ಒಳ್ಳೆಯ ಕಟ್ಟೆ ನನ್ನ ದಾರಿಯಲ್ಲಿ ನಾನು ನೋಡಲೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮೈದಾನದ ಕಡೆಯ ಒಂದು ಸಣ್ಣ ದಾರಿ ಬಿಟ್ಟು ಉಳಿದಿದ್ದನ್ನು ನಿಲ್ಲಿಸುತ್ತೇವೆ ಅಂತ ಸರ್ಕಾರ ಹೇಳಿತು. ಟ್ರಾಮ್ ನಿಧಾನ, ಟ್ರಾಫಿಕ್‌ಗೆ ಅಡ್ಡ ಅನ್ನುತ್ತಾರೆ. ಹತ್ತಲು ಜಾಗವನ್ನೇ ಕೊಡದೆ ನಿಧಾನ ಅಂದರೆ ಹೇಗೆ? ಜನ ರಸ್ತೆಯ ನಡುವೆ ಜೀವ ಕೈಯಲ್ಲಿ ಹಿಡಿದು ಹತ್ತಬೇಕಾದರೆ ಗಾಡಿ ನಿಧಾನ ಆಗದೆ ಇನ್ನೇನು? ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಯಾರ್ರಾ ದಂಡೆ

ಹೂಗ್ಲಿಯವರೇ, ನಿಮ್ಮ ಮಾತು ಓದಿ ನನ್ನ ದೂರು ಚಿಕ್ಕದು ಅನ್ನಿಸಿತು.

ಬಸ್ ಓಡಿಸುವವರಿಗೆ ಒಂದು ಪ್ರಶ್ನೆ. "ಎಲ್ಲ ಕಡೆ ಅಲ್ಲ" ಅಂದಿರಲ್ಲ, ಯಾಕೆ? ಎಲ್ಲಿ ಬೇಡ?

ಜೂರಿಕ್ ಕನ್ನಡಿಗ

ಅವರು ಡ್ಯೂಟಿಯಲ್ಲಿ ಇರಬಹುದು, ನಾನು ಲೆಕ್ಕ ಹೇಳುತ್ತೇನೆ.

ಒಂದು ಕಟ್ಟೆಗೆ ಎಂಟು ಲೈನ್ ಬರುತ್ತವೆ ಅಂದುಕೊಳ್ಳಿ. ಪ್ರತಿ ಲೈನಿಗೆ 10 ನಿಮಿಷಕ್ಕೊಂದು ಗಾಡಿ. ಗಂಟೆಗೆ 48 ಗಾಡಿ ಆಯಿತು, ಅಂದರೆ 75 ಸೆಕೆಂಡಿಗೆ ಒಂದು. ನಿಲ್ಲಲು 30 ಸೆಕೆಂಡು, ಬಂದು ಹೋಗಲು ಇನ್ನೊಂದು 30 ಹಿಡಿಯಿರಿ. ಉಳಿಯುವುದು 15 ಸೆಕೆಂಡು. ಒಬ್ಬರು ಗಾಲಿಕುರ್ಚಿಗೆ ಹಲಗೆ ಹಾಕಿಸಿಕೊಂಡರೆ, ಒಬ್ಬರು ಡ್ರೈವರ್ ಹತ್ತಿರ ದಾರಿ ಕೇಳಿದರೆ ಮುಗಿಯಿತು, ಹಿಂದೆ ಸಾಲು ಬೆಳೆಯುತ್ತದೆ. ಬಸ್ಸಾದರೆ ಪಕ್ಕಕ್ಕೆ ಸರಿದು ಮುಂದೆ ಹೋಗಬಹುದು. ಟ್ರಾಮಿಗೆ ಆ ದಾರಿಯೇ ಇಲ್ಲ. ಮುಂದೆ ಒಂದು ಬಸ್ ಕೆಟ್ಟು ನಿಂತರೆ ಅದರ ಹಿಂದಿನ ಟ್ರಾಮುಗಳೆಲ್ಲ ನಿಂತವು.

ಕಟ್ಟೆಯ ಉದ್ದವೂ ಮುಖ್ಯ. ಗೋಥೆನ್‌ಬರ್ಗ್‌ನಲ್ಲಿ 33 ಮೀಟರಿನ ಟ್ರಾಮುಗಳಿವೆ, ಈಗ 45 ಮೀಟರಿನವೂ ಬಂದಿವೆ. 60 ಮೀಟರ್ ಕಟ್ಟೆಯಲ್ಲಿ 33ರ ಟ್ರಾಮೂ 18 ಮೀಟರಿನ ಉದ್ದದ ಬಸ್ಸೂ ಆರಾಮಾಗಿ ನಿಲ್ಲುತ್ತವೆ. 45ರ ಟ್ರಾಮ್ ಬಂದರೆ ಬಸ್ಸಿನ ಬಾಲ ಹೊರಗೆ.

ಇನ್ನೊಂದು, ಎರಡೂ ಮುಂದೆ ಒಂದಷ್ಟು ದೂರ ಒಂದೇ ದಾರಿಯಲ್ಲಿ ಹೋಗುತ್ತವಾ ಅಂತ ನೋಡಬೇಕು. ಹೋದರೆ ಹಂಚಿಕೊಳ್ಳಲಿ. ಮೊದಲ ತಿರುವಿನಲ್ಲೇ ಬೇರೆ ಆದರೆ ಯಾವುದು ಮೊದಲು ಬಂದರೂ ನನಗೆ ಲಾಭ ಇಲ್ಲ. ಅಲ್ಲಿ ಅಕ್ಕಪಕ್ಕ ಎರಡು ಕಟ್ಟೆ ಇದ್ದರೆ ಸಾಕು, ನಡುವೆ ಕಾರು ಓಡುವ ರಸ್ತೆ ಇರಬಾರದು ಅಷ್ಟೆ.

ಬಸ್ ಓಡಿಸುವವ

ಸರಿಯಾಗಿ ಹೇಳಿದಿರಿ. ಅದಕ್ಕೊಂದು ಸೇರಿಸುತ್ತೇನೆ. ಲೆಕ್ಕದಲ್ಲಿ ಗಾಡಿಗಳು 75 ಸೆಕೆಂಡಿಗೊಂದರಂತೆ ಬರುತ್ತವೆ, ರಸ್ತೆಯಲ್ಲಿ ಹಾಗೆ ಬರುವುದಿಲ್ಲ. ನದಿ ದಾಟುವ ಹೀಸಿಂಗ್ಸ್ ಸೇತುವೆಯನ್ನೇ ನೋಡಿ. 1939ರ ಹಳೆಯ ಸೇತುವೆಯ ಬದಲಿಗೆ 2021ರಲ್ಲಿ ತೆರೆದದ್ದು. ನಡುವಿನ ದಾರಿ ಟ್ರಾಮಿಗೂ ಬಸ್ಸಿಗೂ ಸೇರಿದ್ದು. ಹಡಗು ಬಂದರೆ ಸೇತುವೆ ಮೇಲಕ್ಕೆ ಏಳುತ್ತದೆ. ಇಳಿದ ಮೇಲೆ ಆ ಕಡೆ ಕಾದಿದ್ದ ಟ್ರಾಮು, ಬಸ್ಸು ಎಲ್ಲವೂ ಮೆರವಣಿಗೆಯ ಹಾಗೆ ಒಟ್ಟಿಗೆ ಬರುತ್ತವೆ. ಮೊದಲ ಸ್ಟಾಪಿನ ಕಟ್ಟೆ ಆ ಮೆರವಣಿಗೆಯನ್ನು ತಡೆದುಕೊಳ್ಳಬೇಕು. ಎಲ್ಲ ಬಾಗಿಲಿನಿಂದಲೂ ಹತ್ತಲು ಬಿಟ್ಟರೆ ಬೇಗ ಖಾಲಿಯಾಗುತ್ತದೆ. ಮುಂದಿನ ಬಾಗಿಲಲ್ಲಿ ಒಬ್ಬೊಬ್ಬರದೇ ಟಿಕೆಟ್ ನೋಡುವ ಊರಲ್ಲಿ ಕಟ್ಟೆ ಹಂಚಿಕೊಳ್ಳಲು ಹೋಗಬೇಡಿ.

ಜಯನಗರ 4ನೇ ಬ್ಲಾಕ್

ಬೆಂಗಳೂರಲ್ಲಿ ಟ್ರಾಮ್ ಬರಲೇ ಇಲ್ಲ. ಆದರೆ ಗೋಥೆನ್‌ಬರ್ಗ್ ಅಂದಾಗ ನಮಗೆ ನೆನಪಾಗುವುದು ವೋಲ್ವೊ. ಅವರ ಊರು ಅದು, ಇಲ್ಲಿ ಹೊಸಕೋಟೆಯಲ್ಲಿ ಕಾರ್ಖಾನೆ. 2006ರ ಸುಮಾರಿಗೆ ತಗ್ಗು ನೆಲದ ಕೆಂಪು ವೋಲ್ವೊ ಬಂದಾಗ ನನ್ನ ಅಜ್ಜಿ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಸಿಟಿ ಬಸ್ ಹತ್ತಿದ್ದರು. ಆದರೆ ಆ ಬಸ್ಸು ಬಹಳ ಸಲ ಫುಟ್‌ಪಾತಿನಿಂದ ಮಾರು ದೂರ ನಿಲ್ಲುತ್ತಿತ್ತು. ರಸ್ತೆಗೆ ಇಳಿದೇ ಹತ್ತಬೇಕು. ಬಸ್ ತಗ್ಗಿದ್ದರೂ ಕಟ್ಟೆ ಸೇರದಿದ್ದರೆ ಅರ್ಧ ಉಪಯೋಗ ಅಷ್ಟೇ, ಅಲ್ವಾ?

ಹಾಸನದವರೇ, ಅಮ್ಮನಿಗೆ ಮೆಜೆಸ್ಟಿಕ್ ಗೊತ್ತಿರಬೇಕಲ್ಲ? ಅಲ್ಲಿ ಪ್ಲಾಟ್‌ಫಾರಂ ನಂಬರ್ ನೋಡಿ ನಿಲ್ಲುತ್ತೇವಲ್ಲ, ಅಂಥದೇನಾದರೂ ಅಲ್ಲಿದೆಯಾ?

ಹಾಸನದವಳು

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿಮ್ಮ ಮಾತುಗಳನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಬಿಳಿಕೋಲು ಅವರು ಬರೆದದ್ದನ್ನು ಎರಡು ಸಲ ಓದಿಸಿದರು.

ಜಯನಗರದವರ ಪ್ರಶ್ನೆ ನನಗೆ ದಾರಿ ತೋರಿಸಿತು. ಇಲ್ಲಿ ದೊಡ್ಡ ಸ್ಟಾಪುಗಳಲ್ಲಿ ಅಕ್ಷರ ಇರುತ್ತದೆ. ಲೇಗೆ ಎ, ಲೇಗೆ ಬಿ ಅಂತ. ಲೇಗೆ ಅಂದರೆ ಜಾಗ. ಫೋನಿನ ಆಪ್‌ನಲ್ಲೂ ಬೋರ್ಡಿನಲ್ಲೂ ಲೈನ್ ನಂಬರಿನ ಪಕ್ಕ ಆ ಅಕ್ಷರ ಬರುತ್ತದೆ. ಆರು ವರ್ಷದಿಂದ ಅದು ನನ್ನ ಕಣ್ಣೆದುರಿಗೇ ಇತ್ತು, ಅಮ್ಮನಿಗೆ ಹೇಳಿಕೊಡಬೇಕು ಅಂತ ಹೊಳೆದಿರಲಿಲ್ಲ.

ಶನಿವಾರ ಇಬ್ಬರೂ ಊರು ಸುತ್ತಿದೆವು. ಮೊದಲು ಬ್ರುನ್ಸ್‌ಪಾರ್ಕೆನ್. ಊರಿನ ಹೆಚ್ಚುಕಡಿಮೆ ಎಲ್ಲ ಟ್ರಾಮ್ ಲೈನೂ ಬಂದು ಸೇರುವ ಜಾಗ ಅದು, ಬಸ್ಸೂ ಬರುತ್ತದೆ. "ಮೆಜೆಸ್ಟಿಕ್ ಥರಾನೇ" ಅಂದರು ಅಮ್ಮ. ಎ, ಬಿ, ಸಿ, ಡಿ ಜಾಗಗಳನ್ನು ತಾವೇ ಹುಡುಕಿದರು. ಅಷ್ಟು ಗದ್ದಲದಲ್ಲೂ ಅಲ್ಲಿ ಅವರಿಗೆ ಗೊಂದಲ ಆಗಲಿಲ್ಲ, ಯಾಕೆಂದರೆ ಜಾಗ ಹಂಚಿಟ್ಟಿದ್ದಾರೆ. ಆಮೇಲೆ ಸೇತುವೆ ದಾಟಿ ಆ ಕಡೆಯ ಸ್ಟಾಪಿನಲ್ಲಿ ಅರ್ಧ ಗಂಟೆ ಕೂತೆವು. ಒಂದೇ ಕಟ್ಟೆಗೆ ಟ್ರಾಮ್, ಬಸ್, ಮತ್ತೆ ಬಸ್. ಊರ ಕಡೆ ಹೋಗುವ ಯಾವುದನ್ನಾದರೂ ಹತ್ತಬಹುದು. ಇಂಥಲ್ಲಿ ಬೇರೆ ಬೇರೆ ಮಾಡಿದ್ದರೆ ನಿಜಕ್ಕೂ ನಷ್ಟ ಆಗುತ್ತಿತ್ತು. ಬಸ್ಸಿನ ಕನ್ನಡಿ ಕಟ್ಟೆಯ ಮೇಲೆ ಹಾದುಹೋಗುವುದನ್ನು ಅಮ್ಮನಿಗೆ ತೋರಿಸಿದೆ. ಈಗ ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾರೆ.

ಕೊನೆಗೆ ಅವತ್ತು ತಪ್ಪಿದ ಸ್ಟಾಪಿಗೆ ಹೋದೆವು. ಕಟ್ಟೆ ಉದ್ದಕ್ಕಿದೆ, ಎರಡು ಗಾಡಿ ನಿಲ್ಲುತ್ತವೆ. ಹಿಂದಿನ ಗಾಡಿ ಮತ್ತೆ ನಿಲ್ಲುವುದಿಲ್ಲ ಅಂತ ಎಲ್ಲೂ ಬರೆದಿಲ್ಲ. ಉಬ್ಬು ಕಲ್ಲಿನ ಜಾಗ ಒಂದೇ ಇದೆ. ಬಿಳಿಕೋಲು ಅವರೇ, ನೀವು ಹೇಳಿದ ಎರಡೂ ಬೇಡಿಕೆಯನ್ನು ಸ್ವೀಡಿಷ್‌ನಲ್ಲಿ ಬರೆದು ಫೋಟೊ ಜೊತೆ ನಗರಸಭೆಗೆ ಕಳಿಸುತ್ತಿದ್ದೇನೆ. ನಿಮ್ಮ ಹೆಸರನ್ನೂ ಸೇರಿಸಬಹುದಾದರೆ ಮೆಸೇಜ್ ಮಾಡಿ. ಬಸ್ ಓಡಿಸುವ ಅಣ್ಣ, ಬರೆದಿದ್ದನ್ನು ಒಮ್ಮೆ ನೋಡಿಕೊಡಿ.

ಇವತ್ತು ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಅಮ್ಮನ ಫೋನ್ ಬಂತು. ಒಬ್ಬರೇ ಹೊರಟಿದ್ದರಂತೆ, ನನಗೆ ಹೇಳಿರಲಿಲ್ಲ. "ಬಸ್ಸು ಮುಂದಿತ್ತು, ಟ್ರಾಮು ಹಿಂದೆ ಬಂತು. ನಾನೇ ಹಿಂದಕ್ಕೆ ನಡೆದು ಹೋದೆ. ಡ್ರೈವರಮ್ಮ ನನ್ನ ನೋಡಿ ಬಾಗಿಲು ಹಿಡಿದುಕೊಂಡಿದ್ದಳು. ಈಗ ಕೂತಿದ್ದೀನಿ, ಕಿಟಕಿ ಪಕ್ಕ."

ಬಿಳಿಕೋಲು

ಹೆಸರು ಸೇರಿಸಿ. ಸಂಜೆ ಮೆಸೇಜ್ ಮಾಡುತ್ತೇನೆ.